ಮೇಪಲ್ ಮರಕ್ಕೆ ಪೈಪಿನ ಬಳೆ

ಬೆಲ್ಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ‘ಕಬ್ಬು’ ಎನ್ನುತ್ತಾರೆ. ಕರಾವಳಿಯ ಮಕ್ಕಳಾದರೆ ತಾಳೆಬೆಲ್ಲವನ್ನೂ ಸೇರಿಸಿಯಾರು. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಹಿಮ ಬೀಳುವ ನಾಡಿನಲ್ಲಿ ಕಬ್ಬೂ ಬೆಳೆಯದು, ತಾಳೆಯೂ ಬೆಳೆಯದು. ಅಲ್ಲಿ ಸಿಹಿ ಕೊಡುವುದು ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತ ಒಂದು ಮರ. ಅದೇ ಮೇಪಲ್. ಕೆನಡಾ ದೇಶದ ಬಾವುಟದ ಮೇಲೆ 1965ರಿಂದ ಇರುವ ಕೆಂಪು ಎಲೆ ಈ ಮರದ್ದೇ.

ಮೇಪಲ್ ಮರದ ರಸವನ್ನು ಬತ್ತಿಸಿ ಮಾಡುವ ಪಾಕಕ್ಕೆ ಮೇಪಲ್ ಸಿರಪ್ ಎಂದು ಹೆಸರು. ಬಣ್ಣದಲ್ಲಿ, ಸುರಿಯುವ ರೀತಿಯಲ್ಲಿ ನಮ್ಮ ಮಲೆನಾಡಿನ ಜೋನಿ ಬೆಲ್ಲದ ತಮ್ಮನಂತಿರುತ್ತದೆ. ಜಗತ್ತಿನಲ್ಲಿ ತಯಾರಾಗುವ ಮೇಪಲ್ ಸಿರಪ್‌ನಲ್ಲಿ ಹತ್ತಕ್ಕೆ ಸುಮಾರು ಏಳು ಪಾಲು ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು. ಅಮೆರಿಕದಲ್ಲಿ ವರ್ಮಾಂಟ್ ರಾಜ್ಯ ಮೊದಲನೆಯದು. ದೊಡ್ಡ ತೋಟಗಳಲ್ಲಿ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದು ರಸವನ್ನು ನೇರವಾಗಿ ತೊಟ್ಟಿಗೆ ಹರಿಸುತ್ತಾರೆ. ಆದರೆ ಹಿತ್ತಲಿನಲ್ಲಿ ಮೂರೋ ನಾಲ್ಕೋ ಮರವಿರುವ ಮನೆಗಳೂ ಅಲ್ಲಿ ಸಾಕಷ್ಟಿವೆ. ಅಂಥ ಮನೆಯವರು ಮರಕ್ಕೆ ಬಕೆಟ್ಟನ್ನೋ ಚೀಲವನ್ನೋ ತೂಗುಹಾಕಿ ತಮ್ಮ ಮನೆಗೆ ಸಾಲುವಷ್ಟು ಪಾಕ ಮಾಡಿಕೊಳ್ಳುತ್ತಾರೆ.

ನನ್ನ ಮಗಳ ಮನೆ ಇರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗಿದ್ದಾಗ ಹಿತ್ತಲಿನ ನಾಲ್ಕು ಮೇಪಲ್ ಮರಗಳಿಗೆ ಚೀಲ ಕಟ್ಟುವ ಕೆಲಸದಲ್ಲಿ ನಾನೂ ಪಾಲುಗೊಂಡೆ. ನನ್ನ ಜೊತೆಗಿದ್ದವಳು ಹತ್ತು ವರ್ಷದ ಮೊಮ್ಮಗಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಬದುಕು ಕಳೆದವನು ನಾನು. ಮರದ ಕೆಲಸಕ್ಕಿಂತ ನನ್ನನ್ನು ಹಿಡಿದದ್ದು ಅದರೊಳಗಿನ ಲೆಕ್ಕ. ಆ ಲೆಕ್ಕವನ್ನೇ ಇಲ್ಲಿ ಮಕ್ಕಳಿಗೂ, ಅವರ ಅಜ್ಜ ಅಜ್ಜಿಯರಿಗೂ ಹೇಳುತ್ತೇನೆ.

ಬೋಳು ಮರದಲ್ಲಿ ರಸ ಹೇಗೆ?

ಮೇಪಲ್ ಎಲೆಗಳು ಬೇಸಿಗೆಯಲ್ಲಿ ಬಿಸಿಲಿನಿಂದ ಆಹಾರ ತಯಾರಿಸುತ್ತವೆ. ಮರ ಅದರಲ್ಲಿ ಒಂದು ಪಾಲನ್ನು ಪಿಷ್ಟದ ರೂಪದಲ್ಲಿ ಕಾಂಡದಲ್ಲೂ ಬೇರಿನಲ್ಲೂ ಕೂಡಿಡುತ್ತದೆ. ಚಳಿಗಾಲ ಮುಗಿಯುತ್ತ ಬಂದಂತೆ ಆ ಪಿಷ್ಟ ಸಕ್ಕರೆಯಾಗಿ ನೀರಿನಲ್ಲಿ ಕರಗುತ್ತದೆ. ವಸಂತದಲ್ಲಿ ಹೊಸ ಚಿಗುರಿಗೆ ಬೇಕಾದ ಬಂಡವಾಳ ಇದು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಮರದ ಉಳಿತಾಯ ಖಾತೆ.

ರಸ ಹರಿಯಬೇಕಾದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕು, ಹಗಲು ಅದು ಕರಗುವಷ್ಟು ಬಿಸಿಲು ಬೇಕು. ರಾತ್ರಿ ಕಾಂಡದೊಳಗೆ ಮಂಜುಗಡ್ಡೆ ಕಟ್ಟುವಾಗ ಅಲ್ಲಿನ ಗಾಳಿ ಅದರೊಳಗೆ ಒತ್ತಿಕೊಂಡು ಸಿಕ್ಕಿಬೀಳುತ್ತದೆ; ಮರ ಬೇರಿನಿಂದ ನೀರನ್ನು ಮೇಲಕ್ಕೆ ಹೀರುತ್ತದೆ. ಹಗಲು ಮಂಜು ಕರಗಿದಾಗ ಒತ್ತಿದ ಗಾಳಿ ಹಿಗ್ಗಿ ರಸವನ್ನು ದೂಡುತ್ತದೆ. ಆಗ ಕಾಂಡದಲ್ಲಿ ಸಣ್ಣ ತೂತು ಇದ್ದರೆ ಅಲ್ಲಿಂದ ಹನಿ ತೊಟ್ಟಿಕ್ಕುತ್ತದೆ. ಈ ಹವೆ ಇರುವುದು ವರ್ಷಕ್ಕೆ ನಾಲ್ಕರಿಂದ ಆರು ವಾರ ಮಾತ್ರ. ಮೊಗ್ಗು ಉಬ್ಬತೊಡಗಿದರೆ ರಸದ ರುಚಿ ಕೆಡುತ್ತದೆ. ಅಲ್ಲಿಗೆ ಸುಗ್ಗಿ ಮುಗಿಯಿತು.

ರಸ ನೋಡಲು ನೀರಿನಂತೆಯೇ ಇರುತ್ತದೆ. ನಾಲಿಗೆಯ ಮೇಲೆ ಇಟ್ಟರೆ ಸಿಹಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಅದರಲ್ಲಿ ಸಕ್ಕರೆ ಇರುವುದು ನೂರಕ್ಕೆ ಸುಮಾರು ಎರಡು ಪಾಲು. ನಮ್ಮ ಆಲೆಮನೆಯ ಕಬ್ಬಿನ ಹಾಲಿನಲ್ಲಿ ಇದರ ಏಳೆಂಟು ಪಟ್ಟು ಸಕ್ಕರೆ ಇರುತ್ತದೆ. ಹಾಗಾಗಿ ಮೇಪಲ್ ರಸವನ್ನು ಬಹಳ ಬತ್ತಿಸಬೇಕು. ಅಲ್ಲಿನ ರೈತರಲ್ಲಿ ಒಂದು ಹಳೆಯ ಸೂತ್ರವಿದೆ: 86ನ್ನು ರಸದ ಸಕ್ಕರೆಯ ಶೇಕಡಾ ಪ್ರಮಾಣದಿಂದ ಭಾಗಿಸು, ಒಂದು ಪಾಲು ಪಾಕಕ್ಕೆ ಅಷ್ಟು ಪಾಲು ರಸ ಬೇಕು. ಸಕ್ಕರೆ ಎರಡು ಪಾಲಾದರೆ 86 ಭಾಗಿಸು 2, ಅಂದರೆ 43. ಒಂದು ಲೀಟರ್ ಪಾಕಕ್ಕೆ 43 ಲೀಟರ್ ರಸ!

ಹರಿದ ಚೀಲ

ಈ 43 ಎಂಬ ಅಂಕಿ ಎಷ್ಟು ದೊಡ್ಡದು ಎಂಬುದು ಮೊದಲನೆಯ ರಾತ್ರಿ ಕಳೆದ ಮೇಲೆ ಮೊಮ್ಮಗಳಿಗೆ ತಿಳಿಯಿತು. ಅವಳು ತನ್ನದೆಂದು ಆರಿಸಿಕೊಂಡ ಮರಕ್ಕೆ ಅವಳಪ್ಪ ಒಂದು ಪ್ಲಾಸ್ಟಿಕ್ ಚೀಲವನ್ನು ನೈಲಾನ್ ದಾರದಿಂದ ಬಿಗಿದು ಕಟ್ಟಿದ್ದ. ಸಂಜೆಯ ಹೊತ್ತಿಗೆ ಆರು ಲೀಟರಿನಷ್ಟು ರಸ ತುಂಬಿತ್ತು. ಬೆಳಗ್ಗೆ ನೋಡಿದರೆ ಚೀಲ ದಾರ ಕಟ್ಟಿದಲ್ಲಿ ಹರಿದು ಹಿಮದ ಮೇಲೆ ಬಿದ್ದಿತ್ತು.

“ಅಜ್ಜ, ನಿನ್ನೆಯದೆಲ್ಲ ಹೋಯ್ತಾ?”

“ಹೋಯ್ತು ಪುಟ್ಟಿ. ಎಷ್ಟು ಹೋಯ್ತು, ಲೆಕ್ಕ ಹಾಕು.”

ಆರು ಲೀಟರ್ ಅಂದರೆ 6000 ಮಿಲಿಲೀಟರ್. ಅದನ್ನು 43ರಿಂದ ಭಾಗಿಸಿದರೆ ಹತ್ತಿರ ಹತ್ತಿರ 140. ಒಂದು ಕಾಫಿ ಲೋಟದಷ್ಟು ಪಾಕ. “ಇಷ್ಟೇನಾ?” ಎಂದಳು. ಆಮೇಲೆ ತಾನೇ, “ಮರಕ್ಕೆ ಅಷ್ಟು ಮಾಡೋಕೆ ಇಡೀ ದಿನ ಬೇಕಾಯ್ತು ಅಲ್ವಾ?” ಎಂದಳು.

ಚೀಲ ಹರಿದದ್ದಕ್ಕೆ ಕಾರಣ ಸರಳ. ಆರು ಲೀಟರ್ ರಸ ಅಂದರೆ ಆರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚೇ ತೂಕ. ಆ ಭಾರವೆಲ್ಲ ದಾರ ಸುತ್ತಿದ ಒಂದು ಗಂಟಿನ ಮೇಲೆ ಬಿತ್ತು. ಅದೇ ಭಾರ ಚೀಲದ ಬಾಯಿಯ ಸುತ್ತಲೂ ಹಂಚಿಹೋದರೆ ಪ್ಲಾಸ್ಟಿಕ್ಕಿಗೆ ತಡೆಯುವ ಶಕ್ತಿ ಇರುತ್ತದೆ. ಇದಕ್ಕೆಂದೇ ಅಂಗಡಿಯಲ್ಲಿ ಲೋಹದ ಹಿಡಿಕೆ ಸಿಗುತ್ತದೆ. ಹಿತ್ತಲಿನವರು ಅನೇಕರು ಅದನ್ನು ಮನೆಯಲ್ಲೇ ಪಿವಿಸಿ ಪೈಪಿನಿಂದ ಮಾಡಿಕೊಳ್ಳುತ್ತಾರೆ. ನೆರೆಮನೆಯ ಅಜ್ಜ ತನ್ನ ಗ್ಯಾರೇಜಿನಲ್ಲಿ ಉಳಿದಿದ್ದ ಪೈಪಿನ ತುಂಡೊಂದನ್ನು ಕೊಟ್ಟು, ಮಾಡುವ ಬಗೆಯನ್ನೂ ತೋರಿಸಿದರು.

ಹಿಂದೆ ಏನಿತ್ತು?

ಚೀಲ, ಪೈಪು ಎಲ್ಲ ಈಚಿನವು. ಮೇಪಲ್ ಸಿಹಿಯನ್ನು ಮೊದಲು ಕಂಡುಕೊಂಡವರು ಆ ನೆಲದ ಮೂಲನಿವಾಸಿಗಳು. ದೊಡ್ಡ ಸರೋವರಗಳ ಸುತ್ತ ನೆಲೆಸಿರುವ ಒಜಿಬ್ವೆ ಜನರು ಬರ್ಚ್ ಮರದ ತೊಗಟೆಯನ್ನು ಮಡಿಸಿ ಹೊಲಿದು, ನಮ್ಮ ಅಡಿಕೆ ಹಾಳೆಯ ದೊನ್ನೆಯಂಥ ಪಾತ್ರೆ ಮಾಡಿ ಅದರಲ್ಲಿ ರಸ ಹಿಡಿಯುತ್ತಿದ್ದರು. ಅವರ ಪಂಚಾಂಗದಲ್ಲಿ ಒಂದು ತಿಂಗಳ ಹೆಸರೇ ‘ಸಕ್ಕರೆ ಕಾಯಿಸುವ ತಿಂಗಳು’. ಇಂದಿಗೂ ಅವರಲ್ಲಿ ಅನೇಕ ಕುಟುಂಬಗಳು ವಸಂತಕ್ಕೆ ಮುನ್ನ ಕಾಡಿಗೆ ಹೋಗಿ ಒಟ್ಟಾಗಿ ಸಕ್ಕರೆ ಕಾಯಿಸುತ್ತವೆ. ಯುರೋಪಿನಿಂದ ಬಂದವರು ಈ ವಿದ್ಯೆಯನ್ನು ಅವರಿಂದ ಕಲಿತರು. ಮರದ ಬಕೆಟ್ಟು ಬಂತು, ಆಮೇಲೆ ಮುಚ್ಚಳವಿರುವ ತಗಡಿನ ಬಕೆಟ್ಟು, ಈಗ ಚೀಲ ಮತ್ತು ಕೊಳವೆ. ಪಾತ್ರೆ ಬದಲಾಗಿದೆ, ಕೆಲಸ ಅದೇ.

ಬಳೆ ಮಾಡುವ ಬಗೆ

ಮೊದಲಿಗೆ ಚೀಲದ ಅಳತೆ. ಆಹಾರ ಪದಾರ್ಥ ಇಡಲು ಯೋಗ್ಯವಾದ ದಪ್ಪ ಪ್ಲಾಸ್ಟಿಕ್ ಚೀಲವೇ ಆಗಬೇಕು. ಅದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಬಾಯಿಯ ಅಗಲ ಅಳೆದೆವು: 27 ಸೆಂ.ಮೀ. ಹಾಗಾದರೆ ಬಾಯಿಯ ಸುತ್ತಳತೆ ಅದರ ಎರಡರಷ್ಟು, 54 ಸೆಂ.ಮೀ. ನಮಗೆ ಸಿಕ್ಕಿದ ಆರಿಂಚಿನ ಪೈಪಿನ ಹೊರ ವ್ಯಾಸ 168 ಮಿ.ಮೀ. ವ್ಯಾಸವನ್ನು ಏಳನೆಯ ಇಪ್ಪತ್ತೆರಡರಿಂದ, ಅಂದರೆ ಪೈಯಿಂದ ಗುಣಿಸಿದರೆ ಸುತ್ತಳತೆ 528 ಮಿ.ಮೀ. ಚೀಲದ ಬಾಯಿ ಇದರ ಮೇಲೆ ಸರಾಗವಾಗಿ ಕೂರುತ್ತದೆ.

ಪ್ರತಿ ಮರಕ್ಕೂ ಪೈಪಿನಿಂದ ಎರಡು ಬಳೆ ಬೇಕು. ಒಂದು 5 ಸೆಂ.ಮೀ. ಎತ್ತರದ್ದು, ಇದು ಹೊರಬಳೆ. ಇನ್ನೊಂದು 4 ಸೆಂ.ಮೀ. ಎತ್ತರದ್ದು, ಇದು ಒಳಬಳೆ. ಗರಗಸ ನೆಟ್ಟಗೆ ಹೋಗಲು ಒಂದು ಉಪಾಯವಿದೆ. ಪೈಪಿಗೆ ಉದ್ದನೆಯ ಕಾಗದದ ಪಟ್ಟಿಯನ್ನು ಸುತ್ತಿ, ಅದರ ಅಂಚು ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಎಳೆದು, ಆ ಅಂಚಿನಗುಂಟ ಪೆನ್ಸಿಲಿನಿಂದ ಗೆರೆ ಹಾಕಬೇಕು. ಗೆರೆ ಎಲ್ಲೂ ಓರೆಯಾಗದು. ಕೊಯ್ಯುವ ಕೆಲಸ ದೊಡ್ಡವರದು. ಪೈಪನ್ನು ಅಲುಗಾಡದಂತೆ ಹಿಡಿಸಿ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಕೊಯ್ಯಬೇಕು. ಅಂಚುಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ನುಣುಪು ಮಾಡುವ ಕೆಲಸ ಮಕ್ಕಳದು. ಅಂಚು ಒರಟಾಗಿದ್ದರೆ ಚೀಲವನ್ನು ಅದೇ ಕತ್ತರಿಸಿಬಿಡುತ್ತದೆ.

ಇಲ್ಲಿ ಒಂದು ತೊಡಕು. ಎರಡೂ ಬಳೆ ಒಂದೇ ಪೈಪಿನವು. ಒಂದರೊಳಗೆ ಇನ್ನೊಂದು ಹೇಗೆ ಕೂತೀತು? ಒಳಬಳೆಯಿಂದ ಒಂದು ತುಂಡನ್ನು ಕತ್ತರಿಸಿ ತೆಗೆಯಬೇಕು. ಆಗ ಅದನ್ನು ಕೈಯಿಂದ ಅಮುಕಿ ಚಿಕ್ಕದು ಮಾಡಿ ಒಳಗೆ ಸೇರಿಸಬಹುದು. ಕೈ ಬಿಟ್ಟೊಡನೆ ಅದು ಹಿಗ್ಗಿ ಹೊರಬಳೆಗೆ ಒತ್ತಿ ಕೂರುತ್ತದೆ. ಎಷ್ಟು ಉದ್ದದ ತುಂಡು ತೆಗೆಯಬೇಕು ಎಂಬುದೇ ಪ್ರಶ್ನೆ.

ಮೊಮ್ಮಗಳು ಕಾಗದ ಪೆನ್ಸಿಲು ತಂದಳು. ಪೈಪಿನ ಗೋಡೆಯ ದಪ್ಪ 7 ಮಿ.ಮೀ. ಹೊರಬಳೆಯ ಒಳಗಿನ ವ್ಯಾಸ ಬೇಕಾದರೆ 168ರಿಂದ ಎರಡು ಕಡೆಯ ದಪ್ಪವನ್ನೂ, ಅಂದರೆ 14ನ್ನು ಕಳೆಯಬೇಕು. ಉಳಿದದ್ದು 154. ಅದರ ಸುತ್ತಳತೆ 484. ಒಳಬಳೆಯ ಈಗಿನ ಹೊರ ಸುತ್ತಳತೆ 528. ಕಳೆದರೆ 44. ಹಾಗಾಗಿ 44 ಮಿ.ಮೀ. ತುಂಡು ತೆಗೆಯಬೇಕು. ಚೀಲದ ದಪ್ಪಕ್ಕೆಂದು ಇನ್ನೆರಡು ಸೇರಿಸಿ 46 ತೆಗೆದೆವು. ಕಡಿಮೆ ತೆಗೆದರೆ ತುದಿಗೆ ತುದಿ ತಾಗಿ ಬಳೆ ಒಳಗೇ ಹೋಗದು, ಒಂದೆರಡು ಮಿ.ಮೀ. ಹೆಚ್ಚಾದರೆ ಅಡ್ಡಿಯಿಲ್ಲ.

“ನೆರೆಮನೆ ಅಜ್ಜನ ಹಳೇ ಬಳೆಗಳು ಸಣ್ಣ ಪೈಪಿನವು. ಅದಕ್ಕೆ ಬೇರೆ ಲೆಕ್ಕನಾ?” ಎಂದು ಕೇಳಿದಳು. ಹಾಕಿ ನೋಡು ಎಂದೆ. ಗೋಡೆಯ ದಪ್ಪ 7 ಮಿ.ಮೀ. ಇರುವ ತನಕ, ಪೈಪು ನಾಲ್ಕಿಂಚಿನದಾಗಲಿ ಎಂಟಿಂಚಿನದಾಗಲಿ, ತೆಗೆಯಬೇಕಾದ ತುಂಡು 44 ಮಿ.ಮೀ. ಮಾತ್ರ! ದಪ್ಪವನ್ನು ಎರಡರಿಂದ ಗುಣಿಸಿ, ಪೈಯಿಂದ ಗುಣಿಸಿದರೆ ಉತ್ತರ ಬಂತು. ಪೈಪಿನ ಗಾತ್ರ ಲೆಕ್ಕಕ್ಕೇ ಬರುವುದಿಲ್ಲ. ಅವಳು ಮೂರು ಪೈಪುಗಳ ಲೆಕ್ಕ ಹಾಕಿ ಮೂರರಲ್ಲೂ ಅದೇ ಉತ್ತರ ಬಂದ ಮೇಲೆಯೇ ನಂಬಿದಳು. ಲೆಕ್ಕವನ್ನು ಹಾಗೆಯೇ ನಂಬಬೇಕು.

ಜೋಡಿಸುವುದು, ತೂಗುಹಾಕುವುದು

ಚಳಿಗೆ ಪಿವಿಸಿ ಪೆಡಸಾಗುತ್ತದೆ. ಹಾಗಾಗಿ ಬಳೆ ಜೋಡಿಸುವ ಕೆಲಸವನ್ನು ಮನೆಯ ಒಳಗೇ ಮಾಡಬೇಕು. ಮೊದಲು ಚೀಲವಿಲ್ಲದೆಯೇ ಒಳಬಳೆಯನ್ನು ಹೊರಬಳೆಯೊಳಗೆ ಕೂರಿಸಿ ಮೇಲಿನ ಅಂಚು ಸಮ ಮಾಡಿಕೊಳ್ಳಬೇಕು. ಒಳಬಳೆಯ ಸೀಳು ಯಾವ ಕಡೆ ಇದೆಯೋ ಅದರ ಎದುರು ಬದಿಯಲ್ಲಿ, ಮೇಲಂಚಿನಿಂದ ಒಂದೂವರೆ ಸೆಂ.ಮೀ. ಕೆಳಗೆ, ಎರಡೂ ಬಳೆಗಳನ್ನು ಹಾಯುವಂತೆ ಡ್ರಿಲ್ಲಿನಿಂದ ಒಂದು ತೂತು. ಮರಕ್ಕೆ ಹೊಡೆಯುವ ನಳಿಕೆಯ ಮೂತಿ ದಾಟುವಷ್ಟು ದೊಡ್ಡದಾಗಿದ್ದರೆ ಸಾಕು.

ಆಮೇಲೆ ಒಳಬಳೆಯನ್ನು ಹೊರತೆಗೆದು, ಚೀಲದ ಬಾಯಿಯನ್ನು ಹೊರಬಳೆಯೊಳಗಿಂದ ಮೇಲಕ್ಕೆಳೆದು, ಅಂಚಿನ ಮೇಲಿಂದ ಹೊರಕ್ಕೆ ಮಡಚಬೇಕು. ಈಗ ಒಳಬಳೆಯನ್ನು ಅಮುಕಿ ಅದರೊಳಗೆ ಕೂರಿಸಿದರೆ ಚೀಲ ಎರಡು ಬಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ತೂತಿನ ಜಾಗದಲ್ಲಿ ಚೀಲವನ್ನು ಮೊನಚಾದ ಮೊಳೆಯಿಂದ ಚುಚ್ಚಬೇಕು. ಸುತ್ತಲೂ ಬಳೆ ಒತ್ತಿ ಹಿಡಿದಿರುವುದರಿಂದ ಆ ತೂತು ಹರಿದು ದೊಡ್ಡದಾಗದು. ಇಷ್ಟಾದ ಮೇಲೆ ನಾನು ನನ್ನ ಹಳೆಯ ಕಸುಬಿನ ಒಂದು ಸಾಮಾನು ಸೇರಿಸಿದೆ. ಕಚೇರಿಗಳಲ್ಲಿ ಕಾಗದದ ದಪ್ಪ ಕಟ್ಟು ಹಿಡಿಯುವ ಕಪ್ಪು ಕ್ಲಿಪ್ಪುಗಳಲ್ಲಿ ಅತಿ ದೊಡ್ಡವು, ಬಳೆಗೆ ಎರಡರಂತೆ, ಎಡಕ್ಕೊಂದು ಬಲಕ್ಕೊಂದು. ಚೀಲ ಜಾರುವ ಭಯ ತಪ್ಪಿತು.

ಮರಕ್ಕೆ ಒಯ್ಯುವ ಮುಂಚೆ ಪರೀಕ್ಷೆ. ಗ್ಯಾರೇಜಿನ ಗೋಡೆಯ ದಪ್ಪ ಮೊಳೆಗೆ ಬಳೆಯನ್ನು ತೂಗುಹಾಕಿ, ಹತ್ತು ಲೀಟರ್ ನೀರು ಅಳೆದು ಸುರಿದು, ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಏಳುತ್ತಲೇ ಮೊಮ್ಮಗಳು ಓಡಿದಳು. ಒಂದು ಹನಿಯೂ ಕೆಳಗೆ ಬಿದ್ದಿರಲಿಲ್ಲ. ನಾಲ್ಕು ಮರಕ್ಕೆ ಎಂಟು ಬಳೆ. ಖರ್ಚಾದ ಪೈಪು ನಲವತ್ತು ಸೆಂ.ಮೀ.ನಷ್ಟು.

ಚೀಲದ ಬಾಯಿ ತೆರೆದಿದ್ದರೆ ಮಳೆ, ಹಿಮ, ಹುಳುಹುಪ್ಪಟೆ ಬೀಳುತ್ತವೆ. ಮಳೆನೀರು ಬಿದ್ದರೆ ಅಷ್ಟನ್ನೂ ಸೌದೆ ಉರಿಸಿ ಬತ್ತಿಸಬೇಕು. ಅದಕ್ಕಾಗಿ ಡಬ್ಬಿಗಳ ಅಗಲವಾದ ಪ್ಲಾಸ್ಟಿಕ್ ಮುಚ್ಚಳಗಳನ್ನು ತೊಳೆದು ಬಳೆಯ ಮೇಲಿಟ್ಟು ದಾರದಿಂದ ಕಟ್ಟಿದೆವು.

ಮರದ ಮರ್ಯಾದೆ

ಎಲ್ಲ ಮರಕ್ಕೂ ತೂತು ಕೊರೆಯುವಂತಿಲ್ಲ. ಎದೆಯೆತ್ತರದಲ್ಲಿ ಕಾಂಡದ ವ್ಯಾಸ ಕಡೇಪಕ್ಷ 30 ಸೆಂ.ಮೀ. ಇರಬೇಕು. ಮರವನ್ನು ಕೊಯ್ದು ವ್ಯಾಸ ನೋಡಲಾದೀತೇ? ಇಲ್ಲೂ ಪೈ ಸಹಾಯಕ್ಕೆ ಬರುತ್ತದೆ. ಟೇಪು ಸುತ್ತಿ ನೋಡಿದಾಗ ಸುತ್ತಳತೆ 94 ಸೆಂ.ಮೀ.ಗಿಂತ ಹೆಚ್ಚಿದ್ದರೆ ಆ ಮರ ಸರಿ. ಚಿಕ್ಕ ಮರವನ್ನು ಮುಟ್ಟಬಾರದು.

ಅಂಥ ಮರಕ್ಕೆ ವರ್ಷಕ್ಕೆ ಒಂದೇ ತೂತು. ಆಳ ನಾಲ್ಕೈದು ಸೆಂ.ಮೀ. ಮಾತ್ರ, ರಸ ಹೊರಕ್ಕೆ ಹರಿದು ಬರುವಂತೆ ಸ್ವಲ್ಪ ಮೇಲ್ಮುಖವಾಗಿ ಕೊರೆಯಬೇಕು. ನಳಿಕೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕು. ಜೋರಾಗಿ ಹೊಡೆದರೆ ಕಾಂಡ ಸೀಳುತ್ತದೆ. ತುದಿಯಲ್ಲಿ ಮೇಲಕ್ಕೆ ಬಾಗಿದ ತಡೆ ಇರುವ ನಳಿಕೆಯಾದರೆ ಬಳೆ ಜಾರಿ ಬೀಳದು. ಸುಗ್ಗಿ ಮುಗಿದೊಡನೆ ನಳಿಕೆಯನ್ನು ಕಿತ್ತುಬಿಡಬೇಕು. ತೂತಿಗೆ ಮೇಣ, ಬಿರಡೆ ಏನನ್ನೂ ತುರುಕಬಾರದು. ಆರೋಗ್ಯವಂತ ಮರ ಗಾಯವನ್ನು ಒಂದೆರಡು ವರ್ಷಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷದ ತೂತು ಹಳೆಯದರಿಂದ ದೂರದಲ್ಲಿ. ಮರ ತನ್ನ ಉಳಿತಾಯದಿಂದ ನಮಗೆ ಕೊಡುವುದು ಸಣ್ಣ ಪಾಲು. ಅಸಲಿಗೆ ಕೈ ಹಾಕಬಾರದು.

ಜಮಾ ಖರ್ಚು

ನಾನು ಮೊಮ್ಮಗಳಿಗೆ ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದುಕೊಟ್ಟೆ. ತಾರೀಖು, ಮರ, ಎಷ್ಟು ಲೀಟರ್, ನಷ್ಟ. ದಿನಾ ಸಂಜೆ ಚೀಲ ಖಾಲಿ ಮಾಡಿ ಬರೆಯಬೇಕು. ದಿನಾ ಖಾಲಿ ಮಾಡಿದರೆ ಬಳೆಗೂ ಭಾರ ಕಡಿಮೆ, ರಸವೂ ಕೆಡದು. ಮೇಪಲ್ ರಸ ಹಾಲಿನಂತೆ; ತಣ್ಣಗಿಡದಿದ್ದರೆ ಹುಳಿಯಾಗುತ್ತದೆ. ಒಂದು ಮರದಿಂದ ಒಮ್ಮೆ ಎಂಟು ಲೀಟರ್ ಬಂದ ದಿನವಿತ್ತು. ಚಳಿ ಬಿಡದ ದಿನ ಒಂದು ಹನಿಯೂ ಇಲ್ಲ. ಆಗ ಸೊನ್ನೆ ಎಂದು ಬರೆದಳು. ಸೊನ್ನೆಯನ್ನೂ ಬರೆಯದಿದ್ದರೆ ಅದು ಲೆಕ್ಕವಲ್ಲ.

ಶನಿವಾರಗಳಂದು ಹಿತ್ತಲಿನಲ್ಲಿ ಒಲೆ ಹೂಡಿ ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಸಿದೆವು. ಮನೆಯ ಒಳಗೆ ಕುದಿಸಿದರೆ ಅಷ್ಟು ನೀರಿನ ಆವಿ ಗೋಡೆ ಮಾಡನ್ನೆಲ್ಲ ತೋಯಿಸುತ್ತದೆ. ಪಾಕದ ಹದ ನೀರು ಕುದಿಯುವ ಬಿಸಿಗಿಂತ ನಾಲ್ಕು ಡಿಗ್ರಿ ಹೆಚ್ಚು, ಸುಮಾರು 104 ಡಿಗ್ರಿ ಸೆಲ್ಸಿಯಸ್. ನಮ್ಮ ಅಜ್ಜಿಯರು ಎರಡು ಬೆರಳ ನಡುವೆ ಎಳೆ ನೋಡುವಂತೆ, ಅಲ್ಲಿನ ಹಳಬರು ಸೌಟಿನ ಅಂಚು ನೋಡುತ್ತಾರೆ. ಪಾಕ ಹನಿಹನಿಯಾಗಿ ಬೀಳದೆ ಹಾಳೆಯಂತೆ ಜಾರಿದರೆ ಹದ ಬಂತು. ನನ್ನ ಹೆಂಡತಿ ಮಾತ್ರ ಬೆರಳನ್ನೇ ನಂಬಿದಳು. ಥರ್ಮಾಮೀಟರೂ ಅವಳ ಬೆರಳೂ ಒಂದೇ ಮಾತು ಹೇಳಿದವು.

ಏಪ್ರಿಲ್ ಮೊದಲ ವಾರ ಮೊಗ್ಗು ಉಬ್ಬಿದವು. ಪುಸ್ತಕ ಮುಗಿಸಿ ಕೂಡಿದಾಗ ಜಮಾ 131 ಲೀಟರ್ ರಸ. ಬಂದ ಪಾಕ ಮೂರು ಲೀಟರ್. ಸೂತ್ರ ಹೇಳಿದ್ದೂ ಅಷ್ಟೇ. ನಷ್ಟದ ಸಾಲಿನಲ್ಲಿ ಇದ್ದದ್ದು ಒಂದೇ ನಮೂದು, ಮೊದಲ ರಾತ್ರಿಯ ಆರು ಲೀಟರ್. ಬಳೆ ತೊಡಿಸಿದ ಮೇಲೆ ಆ ಸಾಲಿನಲ್ಲಿ ಬರೆಯುವಂಥದ್ದೇನೂ ಬರಲಿಲ್ಲ. ಬಿಸಿ ದೋಸೆಯ ಮೇಲೆ ಆ ಪಾಕ ಸುರಿದು ತಿಂದೆವು. ಜೋನಿ ಬೆಲ್ಲದ ಘಮವೇ ಬೇರೆ, ಇದರ ಘಮವೇ ಬೇರೆ. ಎರಡೂ ಬತ್ತಿಸಿದವರ ತಾಳ್ಮೆಯಿಂದಲೇ ಆದವು.

ಮಕ್ಕಳೇ, ನೀವೂ ಮಾಡಿ ನೋಡಿ

ನಮ್ಮಲ್ಲಿ ಮೇಪಲ್ ಮರವಿಲ್ಲ ಎಂದು ಸುಮ್ಮನಿರಬೇಡಿ. ಬಳೆಯ ಲೆಕ್ಕ ಎಲ್ಲ ಊರಿಗೂ ಒಂದೇ. ಶಾಲೆಯ ಮೈದಾನದ ನಡುವೆ ಒಂದು ಗೂಟ ನೆಡಿ. ಎರಡು ಮೀಟರ್ ಹಗ್ಗ ಹಿಡಿದು ಒಂದು ವೃತ್ತ ಎಳೆಯಿರಿ, ಮೂರು ಮೀಟರ್ ಹಗ್ಗದಿಂದ ಇನ್ನೊಂದು. ಎರಡರ ಸುತ್ತಳತೆಯನ್ನೂ ಟೇಪಿನಿಂದ ಅಳೆದು ವ್ಯತ್ಯಾಸ ಬರೆದಿಡಿ. ಆಮೇಲೆ ಐದು ಮೀಟರ್ ಮತ್ತು ಆರು ಮೀಟರಿನ ವೃತ್ತಗಳನ್ನು ಎಳೆದು ಹಾಗೆಯೇ ಅಳೆಯಿರಿ. ದೊಡ್ಡ ವೃತ್ತಗಳ ನಡುವಿನ ವ್ಯತ್ಯಾಸ ಹೆಚ್ಚಿರಬೇಕು ಎಂದು ನಿಮ್ಮ ಗೆಳೆಯರು ಪಂತ ಕಟ್ಟಿಯಾರು. ಎರಡು ಕಡೆಯೂ ಬರುವುದು 6 ಮೀಟರ್ 28 ಸೆಂಟಿಮೀಟರ್. ಏಕೆ ಹಾಗೆ ಎಂದು ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ವಿವರಿಸಿ. ಅವರು ಒಪ್ಪದಿದ್ದರೆ ಟೇಪು ಅವರ ಕೈಗೇ ಕೊಟ್ಟು ಮೈದಾನಕ್ಕೆ ಕರೆದುಕೊಂಡು ಹೋಗಿ.